ಜ್ವರ ಬಂದ ಮಗುವಿಗೆ ಸರ್ಟಿಫಿಕೇಟ್ ಕೇಳಬೇಡಿ: ಚಿಕ್ಕಬಳ್ಳಾಪುರ ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರೇ, ಜಿಲ್ಲಾ ಆರೋಗ್ಯಾಧಿಕಾರಿಗಳೇ,

ನಮಸ್ಕಾರ. ನಾನು ಶಿಡ್ಲಘಟ್ಟ ತಾಲ್ಲೂಕಿನವಳು. ಎಎನ್‌ಎಂ (ಸಹಾಯಕ ನರ್ಸ್) ಆಗಿ ಕೆಲಸಕ್ಕೆ ಸೇರಿ, ಲಸಿಕೆ ಡಬ್ಬಿ ಹೆಗಲಿಗೆ ಹಾಕಿಕೊಂಡು ಹಳ್ಳಿ ಹಳ್ಳಿ ತಿರುಗಿ, ಆರೋಗ್ಯ ಇಲಾಖೆಯಿಂದ ನಿವೃತ್ತಿಯಾದವಳು. ಈಗ ಮೊಮ್ಮಕ್ಕಳು ಸ್ಕೂಲಿಗೆ ಹೋಗುತ್ತಿದ್ದಾರೆ. ಹಳೇ ಪರಿಚಯ ಅಂತ ಅಕ್ಕಪಕ್ಕದ ತಾಯಂದಿರು ಈಗಲೂ ಮಗುವನ್ನು ಕರೆದುಕೊಂಡು ಬಂದು "ಸಿಸ್ಟರ್, ಸ್ವಲ್ಪ ನೋಡಿ" ಅಂತಾರೆ. ಹಾಗಾಗಿ ಕೆಲಸ ಬಿಟ್ಟರೂ ಮಕ್ಕಳ ನೆಗಡಿ ಕೆಮ್ಮು ನನ್ನನ್ನು ಬಿಟ್ಟಿಲ್ಲ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನೆಗಡಿ ಜ್ವರ ಅಂತ ಒಂದೆರಡು ದಿನ ಮನೆಯಲ್ಲಿ ಉಳಿದ ಮಗುವಿನ ಹತ್ತಿರ ಡಾಕ್ಟರ್ ಸರ್ಟಿಫಿಕೇಟ್ ಕೇಳುವುದನ್ನು ನಮ್ಮ ಜಿಲ್ಲೆಯ ಶಾಲೆಗಳು ನಿಲ್ಲಿಸಬೇಕು. ವರ್ಷದ ಕೊನೆಗೆ ನೂರಕ್ಕೆ ನೂರು ಹಾಜರಾತಿ ಅಂತ ಮೆಡಲ್ ಕೊಡುವುದನ್ನೂ ನಿಲ್ಲಿಸಬೇಕು. ಸರ್ಕಾರಿ ಶಾಲೆ, ಅನುದಾನಿತ, ಖಾಸಗಿ, ಎಲ್ಲಕ್ಕೂ ಒಂದೇ ಸುತ್ತೋಲೆ ಹೋಗಬೇಕು. ಇಷ್ಟು ಸಣ್ಣ ವಿಷಯಕ್ಕೆ ಜಿಲ್ಲಾಧಿಕಾರಿಗಳಿಗೆ ಯಾಕೆ ಪತ್ರ ಅಂತ ಕೆಲವರಿಗೆ ಅನ್ನಿಸಬಹುದು. ಇದು ಸಣ್ಣ ವಿಷಯ ಅಲ್ಲ, ಯಾಕೆ ಅಂತ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಚಳಿಗಾಲದಲ್ಲಿ ಒಂದು ಸೋಮವಾರ ಬೆಳಿಗ್ಗೆ ಯಾವುದಾದರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ನಿಂತು ನೋಡಿ. ಸಾಲಿನಲ್ಲಿ ಯೂನಿಫಾರ್ಮ್ ಹಾಕಿಕೊಂಡು, ಬ್ಯಾಗ್ ಬೆನ್ನಿಗೇರಿಸಿಕೊಂಡು ನಿಂತ ಮಕ್ಕಳು ಇರುತ್ತಾರೆ. ಮೂಗಿನ ಕೆಳಗೆ ಒರೆಸಿ ಒರೆಸಿ ಕೆಂಪಾಗಿರುತ್ತದೆ. ಮಗುವಿಗೆ ಜ್ವರ ಬಿಟ್ಟು ಎರಡು ದಿನ ಆಗಿರುತ್ತದೆ, ಆಟ ಆಡುವಷ್ಟು ಚೆನ್ನಾಗಿಯೂ ಇರುತ್ತದೆ. ಆದರೂ ತಾಯಿ ಕೂಲಿ ಬಿಟ್ಟು ಬಂದು ಕಾಯುತ್ತಿರುತ್ತಾಳೆ. ಅವಳಿಗೆ ಔಷಧಿ ಬೇಕಾಗಿಲ್ಲ. "ಒಂದು ಚೀಟಿ ಬರೆದುಕೊಡಿ ಡಾಕ್ಟ್ರೇ, ಇಲ್ಲಾಂದ್ರೆ ಮಿಸ್ಸು ಒಳಗೆ ಸೇರಿಸಲ್ಲ" ಅಂತ ಕೇಳುತ್ತಾಳೆ. ಆ ಮಗು ಅಲ್ಲಿ ಒಂದೂವರೆ ಗಂಟೆ ಕೂತು, ಪಕ್ಕದಲ್ಲಿ ಕೆಮ್ಮುವವರ ಗಾಳಿಯನ್ನೇ ಉಸಿರಾಡಿ, ಎರಡನೇ ಪೀರಿಯಡ್ ಮುಗಿದ ಮೇಲೆ ಶಾಲೆಗೆ ಹೋಗುತ್ತದೆ. ಡಾಕ್ಟರ್ ಕೂಡ ಏನು ಮಾಡುತ್ತಾರೆ? ವಾಸಿಯಾಗಿರುವ ಮಗುವಿಗೆ ಹಿಂದಿನ ತಾರೀಕು ಹಾಕಿ, ತಾವು ನೋಡದೇ ಇದ್ದ ಜ್ವರದ ಬಗ್ಗೆ ಬರೆದುಕೊಡಬೇಕು. ಅದೇ ಹೊತ್ತಿಗೆ ನಿಜವಾಗಿಯೂ ಉಸಿರು ಕಟ್ಟುತ್ತಿರುವ ಮಗು ಸಾಲಿನ ಕೊನೆಯಲ್ಲಿ ಇರುತ್ತದೆ.

ಇದು ಒಂದು ಕಡೆ. ಇನ್ನೊಂದು ಕಡೆ, ಈ ಚೀಟಿಯ ರಗಳೆಯೇ ಬೇಡ ಅಂತ ಜ್ವರ ಇರುವಾಗಲೇ ಮಗುವನ್ನು ಕಳಿಸುವವರು. ಬೆಳಿಗ್ಗೆ ಏಳಕ್ಕೆ ಪ್ಯಾರಾಸಿಟಮಾಲ್ ಕುಡಿಸಿ ವ್ಯಾನ್ ಹತ್ತಿಸುತ್ತಾರೆ. ಆ ಔಷಧಿ ಕೆಲಸ ಮಾಡುವುದು ನಾಲ್ಕರಿಂದ ಆರು ಗಂಟೆ. ಪ್ರಾರ್ಥನೆಗೆ ನಿಂತಾಗ ಮಗು ಚೆನ್ನಾಗಿಯೇ ಇರುತ್ತದೆ. ಹನ್ನೊಂದೂವರೆ ಹೊತ್ತಿಗೆ ಕಣ್ಣು ಕೆಂಪಾಗುತ್ತದೆ, ಡೆಸ್ಕಿನ ಮೇಲೆ ತಲೆ ಇಟ್ಟು ಮಲಗುತ್ತದೆ, ಮುಟ್ಟಿದರೆ ಕೈ ಸುಡುತ್ತದೆ. ಟೀಚರ್ ಮನೆಗೆ ಫೋನ್ ಮಾಡಿದರೆ ತಾಯಿ ಗಾರ್ಮೆಂಟ್ಸ್‌ನಲ್ಲಿ, ಫೋನ್ ಲಾಕರಿನಲ್ಲಿ. ಸಂಜೆವರೆಗೂ ಆ ಮಗು ಸ್ಟಾಫ್ ರೂಮಿನ ಬೆಂಚಿನ ಮೇಲೆ. ಅಷ್ಟರಲ್ಲಿ ಅದರ ಬೆಂಚಿನ ಮೂರು ಮಕ್ಕಳಿಗೂ ಹತ್ತಿರುತ್ತದೆ, ಎರಡು ಮೂರು ದಿನ ಬಿಟ್ಟು ನೋಡಿದರೆ ಅರ್ಧ ಕ್ಲಾಸು ಕೆಮ್ಮುತ್ತಿರುತ್ತದೆ.

ನೆಗಡಿ ಅಂದರೆ ಏನು ಅಂತ ಸ್ವಲ್ಪ ಹೇಳಲೇಬೇಕು, ಯಾಕಂದ್ರೆ ಎಲ್ಲ ಗೊಂದಲ ಇಲ್ಲಿಂದಲೇ ಶುರು. ಮೂಗು, ಗಂಟಲು ಇವಕ್ಕೆ ಬರುವ ಸೋಂಕಿನಲ್ಲಿ ಬಹುಪಾಲು ವೈರಸ್‌ನಿಂದ ಬರುವುದು. ನೆಗಡಿ ತರುವ ವೈರಸ್‌ಗಳೇ 200ಕ್ಕೂ ಹೆಚ್ಚು. ಅದರಲ್ಲಿ ರೈನೋವೈರಸ್ ಅನ್ನುವುದು ಎಲ್ಲಕ್ಕಿಂತ ಜಾಸ್ತಿ. ಒಂದರ ನೆಗಡಿ ಬಂದು ಹೋದರೆ ಇನ್ನೊಂದಕ್ಕೆ ಅದು ರಕ್ಷಣೆ ಕೊಡುವುದಿಲ್ಲ. ಅದಕ್ಕೇ ದೊಡ್ಡವರಿಗೆ ವರ್ಷಕ್ಕೆ ಎರಡು ಮೂರು ಸಲ ಬಂದರೆ, ಸಣ್ಣ ಮಕ್ಕಳಿಗೆ ಆರರಿಂದ ಎಂಟು ಸಲ ಬರುವುದು ಮಾಮೂಲಿ. ಹೊಸದಾಗಿ ಎಲ್‌ಕೆಜಿ, ಒಂದನೇ ಕ್ಲಾಸಿಗೆ ಸೇರಿದ ವರ್ಷ ಇನ್ನೂ ಜಾಸ್ತಿ ಅನ್ನಿಸುತ್ತದೆ. "ನಮ್ಮ ಮಗುವಿಗೆ ಶಕ್ತಿ ಇಲ್ಲ, ಟಾನಿಕ್ ಬರೆದುಕೊಡಿ" ಅಂತ ಬರುವ ತಾಯಂದಿರಿಗೆ ನಾನು ಇದನ್ನೇ ಹೇಳುತ್ತಿದ್ದೆ. ಶಕ್ತಿ ಇಲ್ಲದ್ದಲ್ಲಮ್ಮ, ಅದರ ದೇಹ ಈಗ ಒಂದೊಂದೇ ವೈರಸ್‌ನ ಪರಿಚಯ ಮಾಡಿಕೊಳ್ಳುತ್ತಿದೆ ಅಷ್ಟೆ.

ನೆಗಡಿ ಸಾಮಾನ್ಯವಾಗಿ ಒಂದು ವಾರ, ಹತ್ತು ದಿನ. ಜ್ವರ ಇದ್ದರೆ ಮೊದಲ ಎರಡು ಮೂರು ದಿನ. ಕೆಮ್ಮು ಮಾತ್ರ ಹಠಮಾರಿ, ಎರಡು ಮೂರು ವಾರ ಎಳೆಯುತ್ತದೆ. ಮೂರನೇ ನಾಲ್ಕನೇ ದಿನ ಗೊಣ್ಣೆ ಹಳದಿಯಾಗಿ, ಹಸಿರಾಗಿ ಗಟ್ಟಿಯಾಗುತ್ತದೆ. ಅದನ್ನು ನೋಡಿ "ಕೀವು ಕಟ್ಟಿದೆ, ಇನ್‌ಫೆಕ್ಷನ್ ಆಗಿದೆ" ಅಂತ ಹೆದರುತ್ತಾರೆ. ವೈರಸ್ ಜೊತೆ ಹೊಡೆದಾಡಿದ ರಕ್ತಕಣಗಳಿಂದ ಬರುವ ಬಣ್ಣ ಅದು. ಬಣ್ಣ ಒಂದನ್ನೇ ನೋಡಿ ಆ್ಯಂಟಿಬಯೋಟಿಕ್ ಬೇಕು ಅಂತ ತೀರ್ಮಾನಿಸಲು ಆಗುವುದಿಲ್ಲ. ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ವೈರಸ್‌ಗೆ ಅದು ಏನೂ ಮಾಡುವುದಿಲ್ಲ.

ಈಗ ಸರ್ಟಿಫಿಕೇಟಿಗೂ ಆ್ಯಂಟಿಬಯೋಟಿಕ್‌ಗೂ ಏನು ಸಂಬಂಧ ಅಂತೀರಾ? ನೇರ ಸಂಬಂಧ ಇದೆ. ರಜೆ ಹಾಕುವಂತಿಲ್ಲ ಅಂದರೆ ತಂದೆತಾಯಿಗೆ ನಾಳೆ ಬೆಳಿಗ್ಗೆಯೊಳಗೆ ಮಗು ಹುಷಾರಾಗಬೇಕು. ಹತ್ತು ದಿನದ ಕಾಯಿಲೆ ಒಂದು ರಾತ್ರಿಯಲ್ಲಿ ಹೋಗಬೇಕು. ಆಗ ಮೆಡಿಕಲ್ ಸ್ಟೋರಿಗೆ ಹೋಗಿ "ಸ್ಟ್ರಾಂಗ್ ಆಗಿರೋದು ಕೊಡಿ" ಅಂತಾರೆ. ಅಲ್ಲಿಂದ ಬರುವುದು ಅಜಿತ್ರೋಮೈಸಿನ್ ಮೂರು ದಿನದ್ದು, ಅಥವಾ ಸೆಫಿಕ್ಸಿಮ್ ಸಿರಪ್, ಜೊತೆಗೆ ಒಂದು ಕೆಮ್ಮಿನ ಔಷಧಿ. ಮೂರು ದಿನಕ್ಕೆ ಜ್ವರ ತಾನಾಗಿಯೇ ಬಿಡುತ್ತದೆ, ಬಿಡಲೇಬೇಕಿತ್ತು. ಹೆಸರು ಮಾತ್ರ ಔಷಧಿಗೆ. ಮುಂದಿನ ನೆಗಡಿಗೆ ಅದೇ ಚೀಟಿ, ಅದೇ ಬಾಟಲಿ.

ಬಾಟಲಿ ಅಂದೆನಲ್ಲ, ಅದನ್ನು ಮನೆಮನೆಯಲ್ಲಿ ನೋಡಿದ್ದೇನೆ. ಪುಡಿಗೆ ನೀರು ಬೆರೆಸಿ ಕುಡಿಸುವ ಆ್ಯಂಟಿಬಯೋಟಿಕ್ ಸಿರಪ್, ಅರ್ಧ ಉಳಿದಿರುತ್ತದೆ, ದೇವರ ಫೋಟೋ ಪಕ್ಕದಲ್ಲೋ ಟೀವಿ ಸ್ಟ್ಯಾಂಡಿನ ಮೇಲೋ ಅಂಟಂಟಾಗಿ ಕೂತಿರುತ್ತದೆ. ನೀರು ಬೆರೆಸಿದ ಮೇಲೆ ಅದರ ಆಯಸ್ಸು ಒಂದು ವಾರ, ಹೆಚ್ಚೆಂದರೆ ಎರಡು ವಾರ. ಇವರು ಅದನ್ನು ತಿಂಗಳುಗಟ್ಟಲೆ ಇಟ್ಟು, ಅಕ್ಕನಿಗೆ ಬರೆದಿದ್ದನ್ನು ತಮ್ಮನಿಗೆ ಎರಡು ಮುಚ್ಚಳ ಕುಡಿಸುತ್ತಾರೆ. ಮಗುವಿನ ಮೇಲಿನ ಪ್ರೀತಿಯಿಂದಲೇ ಮಾಡುತ್ತಾರೆ. ಅದರಿಂದ ಬೇಧಿ ಆಗುತ್ತದೆ, ಮೈಮೇಲೆ ದದ್ದು ಬರುತ್ತದೆ. ಅದಕ್ಕಿಂತ ದೊಡ್ಡ ಅಪಾಯ, ನಿಜವಾಗಿ ನ್ಯುಮೋನಿಯಾ ಬಂದ ದಿನ ಆ ಔಷಧಿ ಕೆಲಸ ಮಾಡದೇ ಹೋಗುವುದು. ವಿಶ್ವ ಆರೋಗ್ಯ ಸಂಸ್ಥೆ ಆ್ಯಂಟಿಬಯೋಟಿಕ್‌ಗಳನ್ನು ವಿಂಗಡಿಸಿದಾಗ ಅಜಿತ್ರೋಮೈಸಿನ್, ಸೆಫಿಕ್ಸಿಮ್ ಎರಡನ್ನೂ ಕಣ್ಣಿಟ್ಟು ಬಳಸಬೇಕಾದ ಗುಂಪಿಗೆ ಹಾಕಿದೆ. ನಮ್ಮಲ್ಲಿ ಅವು ಚಾಕೊಲೇಟಿನಷ್ಟು ಸುಲಭವಾಗಿ ಸಿಗುತ್ತವೆ.

ಕಾನೂನು ಇಲ್ಲ ಅಂತಲ್ಲ. ಆ್ಯಂಟಿಬಯೋಟಿಕ್‌ಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ. ಷೆಡ್ಯೂಲ್ ಎಚ್1 ಅಂತ 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಪಟ್ಟಿಯಲ್ಲಿ ಸೆಫಿಕ್ಸಿಮ್‌ನಂಥ ಔಷಧಿಗಳಿವೆ. ಯಾರು ಬರೆದರು, ಯಾರಿಗೆ ಕೊಟ್ಟರು, ಎಷ್ಟು ಕೊಟ್ಟರು ಅಂತ ಅಂಗಡಿಯವರು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಔಷಧ ನಿಯಂತ್ರಣ ಇಲಾಖೆಯವರು ಈ ಚಳಿಗಾಲದಲ್ಲಿ ಒಂದು ಸುತ್ತು ಹೋಗಿ ಆ ರಿಜಿಸ್ಟರ್ ತೆಗೆಸಿ ನೋಡಲಿ. ಮೆಡಿಕಲ್ ಸ್ಟೋರಿನವರೆಲ್ಲ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಜನ "ಮೊದಲು ಡಾಕ್ಟ್ರಿಗೆ ತೋರಿಸಮ್ಮ" ಅಂತ ವಾಪಸ್ ಕಳಿಸುತ್ತಾರೆ, ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ ಅಂತ ಗೊತ್ತಿದ್ದೂ ಕಳಿಸುತ್ತಾರೆ. ಎಲ್ಲರಿಗೂ ಒಂದೇ ಬಿಗಿ ಇದ್ದರೆ ಅಂಥವರಿಗೂ ಬಲ ಬರುತ್ತದೆ.

ಕೆಮ್ಮಿನ ಸಿರಪ್ಪಿನ ವಿಷಯಕ್ಕೆ ಬಂದರೆ ಕೈ ನಡುಗುತ್ತದೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ನೆಗಡಿ ಕೆಮ್ಮು ಅಂತ ಸಿರಪ್ ಕುಡಿದ ಸಣ್ಣ ಸಣ್ಣ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತುಹೋದರು, ಒಬ್ಬಿಬ್ಬರಲ್ಲ, ಸಾವು 20 ದಾಟಿತು. ತಮಿಳುನಾಡಿನ ಕಾಂಚೀಪುರಂನಲ್ಲಿ ತಯಾರಾದ ಆ ಸಿರಪ್ಪಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಅನ್ನುವ ವಿಷ ಸಿಕ್ಕಿತು. ಹೋಗಿದ್ದು ನೆಗಡಿಗೆ ಔಷಧಿ ತರಲಿಕ್ಕೆ, ಅಷ್ಟೆ. ಸುಮ್ನೆ ಬಿಟ್ಟಿದ್ದರೂ ಬಹುಪಾಲು ನೆಗಡಿ ತಾನಾಗಿ ಹೋಗುವಂಥದ್ದು. ಆ ಅಕ್ಟೋಬರ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಎಲ್ಲ ರಾಜ್ಯಗಳಿಗೂ ಬರೆಯಿತು: ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿ ಔಷಧಿ ಬರೆಯಲೇಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ, ಅದಕ್ಕಿಂತ ದೊಡ್ಡ ಮಕ್ಕಳಿಗೆ ಕೊಡುವುದಾದರೂ ಸರಿಯಾಗಿ ಪರೀಕ್ಷೆ ಮಾಡಿ, ಆದಷ್ಟು ಕಡಿಮೆ ದಿನ ಕೊಡಿ. ಅದಕ್ಕೂ ಮೊದಲು, 2023ರ ಕೊನೆಯಲ್ಲಿ, ನೆಗಡಿ ಸಿರಪ್ಪುಗಳಲ್ಲಿ ಬರುವ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಜೋಡಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದು ಅಂತ ಬಾಟಲಿಯ ಮೇಲೆ ಹಾಕಲು ಹೇಳಿದ್ದರು. ಈ ಮಾತು ನಮ್ಮ ಬಾಗೇಪಲ್ಲಿ, ಗುಡಿಬಂಡೆ ಕಡೆಯ ಹಳ್ಳಿಯ ತಾಯಿಗೆ ತಲುಪಿದೆಯಾ? ಗಡಿ ಭಾಗದಲ್ಲಿ ತೆಲುಗು ಮಾತಾಡುವ ಮನೆಗಳೇ ಜಾಸ್ತಿ, ಅವರಿಗೆ ಅವರ ಮಾತಿನಲ್ಲೇ ಹೇಳಬೇಕು. ಆಶಾ ಕಾರ್ಯಕರ್ತೆಯರು ಹೇಳಬಲ್ಲರು, ನೀವು ಹೇಳಿ ಅಂತ ಅವರಿಗೆ ಹೇಳಬೇಕು.

ಹಾಗಂತ ಎಲ್ಲ ನೆಗಡಿಯನ್ನೂ ಮನೆಯಲ್ಲೇ ಇಟ್ಟುಕೊಳ್ಳಿ ಅಂತ ನಾನು ಹೇಳಿದರೆ ಅದು ತಪ್ಪು. ಡಾಕ್ಟರ್ ಬೇಕಾದ ಮಗು ಯಾವುದು ಅಂತ ಟೀಚರಿಗೂ ತಾಯಿಗೂ ಗೊತ್ತಿರಬೇಕು.

ಗಂಟಲು ನೋವನ್ನೇ ತೆಗೆದುಕೊಳ್ಳಿ. ಗಂಟಲು ನೋವು ಅಂತ ಬರುವ ಮಕ್ಕಳಲ್ಲಿ ನೂರಕ್ಕೆ 20ರಿಂದ 30 ಜನಕ್ಕೆ ಸ್ಟ್ರೆಪ್ಟೋಕಾಕಸ್ ಅನ್ನುವ ಬ್ಯಾಕ್ಟೀರಿಯಾ ಕಾರಣ ಇರಬಹುದು. ಆ ಮಗುವಿಗೆ ಸಾಮಾನ್ಯವಾಗಿ ಮೂಗು ಸೋರುವುದಿಲ್ಲ, ಕೆಮ್ಮು ಇರುವುದಿಲ್ಲ. ಇದ್ದಕ್ಕಿದ್ದಂತೆ ಜ್ವರ, ಎಂಜಲು ನುಂಗಲೂ ಆಗದ ನೋವು, ಕತ್ತಿನಲ್ಲಿ ಗಡ್ಡೆ, ಬಾಯಿ ತೆಗೆಸಿ ನೋಡಿದರೆ ಟಾನ್ಸಿಲ್ ಮೇಲೆ ಬಿಳಿ ಚುಕ್ಕಿ. ಇದನ್ನು ಹಾಗೇ ಬಿಟ್ಟರೆ ಕೆಲವು ಮಕ್ಕಳಿಗೆ ಎರಡು ಮೂರು ವಾರ ಬಿಟ್ಟು ರುಮ್ಯಾಟಿಕ್ ಜ್ವರ ಬರುತ್ತದೆ. ಮಂಡಿ ಊದಿಕೊಳ್ಳುತ್ತದೆ, ಕೀಲು ನೋವು ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಾಡುತ್ತದೆ, ಹೃದಯದ ಕವಾಟ ಕೆಡುತ್ತದೆ. 5ರಿಂದ 15 ವರ್ಷದವರಿಗೇ ಇದು ಜಾಸ್ತಿ, ಅಂದರೆ ಸರಿಯಾಗಿ ಶಾಲೆಗೆ ಹೋಗುವ ವಯಸ್ಸು. ಆಮೇಲೆ ವರ್ಷಗಟ್ಟಲೆ ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್. ಮದುವೆಯಾಗಿ ಬಸುರಿಯಾದಾಗ ಉಸಿರು ಕಟ್ಟಿ ಬಂದ ಹೆಣ್ಣುಮಕ್ಕಳನ್ನು ನಾನು ನೋಡಿದ್ದೇನೆ, ಕೇಳಿದರೆ "ಚಿಕ್ಕೋಳಿದ್ದಾಗ ಮಂಡಿ ಊತ ಬಂದಿತ್ತು ಸಿಸ್ಟರ್" ಅಂತಿದ್ದರು. ಇಂಥ ಗಂಟಲಿಗೆ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್, ಡಾಕ್ಟರ್ ನೋಡಿ ಬರೆದದ್ದು, ಸಾಮಾನ್ಯವಾಗಿ ಪೂರ್ತಿ 10 ದಿನ ಬೇಕು. ನೋಡಿ, ಬೇಡದ ಎಪ್ಪತ್ತು ಎಂಬತ್ತು ಮಕ್ಕಳಿಗೆ ಮೂರು ದಿನದ ಔಷಧಿ ಸಿಗುತ್ತಿದೆ, ಬೇಕಾದ ಮಗುವಿಗೂ ಅದೇ ಮೂರು ದಿನದ್ದೇ ಸಿಗುತ್ತಿದೆ. ನನ್ನ ಹೊಟ್ಟೆ ಉರಿಯುವುದು ಇಲ್ಲಿ.

ಗಂಟಲುಮಾರಿಯನ್ನೂ (ಡಿಫ್ತೀರಿಯಾ) ಮರೆಯಬೇಡಿ. ಗಂಟಲಿನಲ್ಲಿ ಬೂದು ಬಣ್ಣದ ಪೊರೆ, ಕತ್ತು ಊತ ಕಂಡರೆ ಒಂದು ಗಂಟೆಯೂ ತಡ ಮಾಡದೆ ಆಸ್ಪತ್ರೆ. ಇದನ್ನು ತಡೆಯಲು 5-6 ವರ್ಷಕ್ಕೆ ಡಿಪಿಟಿ ಬೂಸ್ಟರ್, 10ಕ್ಕೂ 16ಕ್ಕೂ ಟಿಡಿ ಲಸಿಕೆ ಸರ್ಕಾರವೇ ಉಚಿತವಾಗಿ ಕೊಡುತ್ತದೆ. ಚುಚ್ಚಿದರೆ ಜ್ವರ ಬರುತ್ತದೆ ಅಂತ ಲಸಿಕೆ ದಿನ ಮಗುವನ್ನು ಶಾಲೆಗೇ ಕಳಿಸದ ಮನೆಗಳಿವೆ, ಆ ಮಕ್ಕಳ ಪಟ್ಟಿ ಹಿಡಿದು ಮತ್ತೆ ಹೋಗಬೇಕು.

ಇನ್ನು ಕಿವಿ. ನೆಗಡಿ ಮೂಗಿನಿಂದ ಒಳದಾರಿಯಲ್ಲಿ ಕಿವಿಗೆ ಹೋಗುತ್ತದೆ. ರಾತ್ರಿ ಕಿವಿ ಹಿಡಿದುಕೊಂಡು ಅಳುವ ಮಗುವಿಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುತ್ತಾರೆ. ತಮಟೆಗೆ ತೂತು ಬಿದ್ದು ಕಿವಿ ಸೋರಲು ಶುರುವಾದರೆ "ಇವನಿಗೆ ಮೊದಲಿಂದ ಹೀಗೇ" ಅಂತ ಹತ್ತಿ ಇಟ್ಟು ಬಿಡುತ್ತಾರೆ. ಅಂಥ ಮಗು ಹಿಂದಿನ ಬೆಂಚಿನಲ್ಲಿ ಕೂತಿರುತ್ತದೆ. ಟೀಚರ್ ಕರೆದರೆ ತಿರುಗುವುದಿಲ್ಲ, ಉಕ್ತಲೇಖನದಲ್ಲಿ ಪದ ಬಿಡುತ್ತದೆ, ಪಕ್ಕದವನ ಪುಸ್ತಕ ನೋಡಿ ಬರೆಯುತ್ತದೆ. ದಡ್ಡ ಅಂತ ಹೆಸರು ಬೀಳುತ್ತದೆ. ಒಮ್ಮೆ ಒಂದು ಹಳ್ಳಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನ ಹುಡುಗನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆದೆ, ತಿರುಗಲಿಲ್ಲ. ಎದುರಿಗೆ ಬಂದು ಅದೇ ದನಿಯಲ್ಲಿ ಕರೆದೆ, ತುಟಿ ನೋಡಿ "ಏನ್ ಸಿಸ್ಟರ್" ಅಂದ. ಅಲ್ಲಿಯವರೆಗೂ ಅವನಿಗೆ ಕೇಳಿಸುವುದಿಲ್ಲ ಅಂತ ಮನೆಯಲ್ಲೂ ಗೊತ್ತಿರಲಿಲ್ಲ, ಶಾಲೆಯಲ್ಲೂ ಗೊತ್ತಿರಲಿಲ್ಲ. 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬರಬೇಕು. ಬಂದಾಗ ಎತ್ತರ ತೂಕ ಬರೆದು ಹೋಗುವುದಷ್ಟೇ ಆಗದೆ, ಪ್ರತಿ ಮಗುವಿನ ಕಿವಿಯೊಳಗೆ ಟಾರ್ಚ್ ಬಿಟ್ಟು ನೋಡಲಿ, ಸೋರುವ ಕಿವಿಯ ಪಟ್ಟಿ ಮಾಡಿ ಜಿಲ್ಲಾ ಆಸ್ಪತ್ರೆಯ ಕಿವಿ ಮೂಗು ಗಂಟಲು ವಿಭಾಗಕ್ಕೆ ಕಳಿಸಲಿ. ಕಳಿಸಿದ ಮೇಲೆ ಮಗು ಹೋಯಿತಾ ಇಲ್ಲವಾ ಅಂತ ಒಂದು ಫೋನ್ ಮಾಡಲಿ.

ಉಸಿರಾಟ ಜೋರಾಗಿ ಪಕ್ಕೆ ಒಳಗೆ ಎಳೆಯುತ್ತಿದ್ದರೆ, ನೀರು ಕುಡಿಯಲೂ ಆಗದಷ್ಟು ಸುಸ್ತಾಗಿದ್ದರೆ, ತುಟಿ ನೀಲಿಯಾದರೆ, ಜ್ವರ ಮೂರು ದಿನ ದಾಟಿದರೆ, ಅಥವಾ ಬಿಟ್ಟು ಮತ್ತೆ ಜೋರಾಗಿ ಬಂದರೆ, ಕಾಯಬಾರದು. ಇಷ್ಟನ್ನು ಪ್ರತಿ ಶಾಲೆಯ ನೋಟಿಸ್ ಬೋರ್ಡಿನಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿಸಿ.

ಈಗ ಮುಖ್ಯ ವಿಷಯ, ಮಗು ಯಾವಾಗ ಮನೆಯಲ್ಲಿರಬೇಕು, ಯಾವಾಗ ಶಾಲೆಗೆ ಬರಬಹುದು. 2025ರ ಮೇ ಕೊನೆಯಲ್ಲಿ ಕೋವಿಡ್ ಸ್ವಲ್ಪ ಏರಿದಾಗ ನಮ್ಮ ರಾಜ್ಯ ಸರ್ಕಾರವೇ ಸುತ್ತೋಲೆ ಹೊರಡಿಸಿತ್ತು: ಜ್ವರ, ಕೆಮ್ಮು, ನೆಗಡಿ ಇರುವ ಮಕ್ಕಳನ್ನು ಶಾಲೆಗೆ ಕಳಿಸಬೇಡಿ, ಪೂರ್ತಿ ವಾಸಿಯಾದ ಮೇಲೆ ಕಳಿಸಿ ಅಂತ. ಒಳ್ಳೆಯ ಮಾತು. ಆದರೆ ಕೆಮ್ಮು ಪೂರ್ತಿ ಹೋಗುವವರೆಗೆ ಅಂದರೆ ಮೂರು ವಾರ ಆಗುತ್ತದೆ. ವರ್ಷಕ್ಕೆ ಆರು ನೆಗಡಿ ಬರುವ ಮಗು ಹಾಗೆ ಮನೆಯಲ್ಲಿ ಕೂತರೆ ಓದು ಏನಾಗಬೇಕು? ಪಾಲಿಸಲು ಆಗದ ಮಾತನ್ನು ಯಾರೂ ಪಾಲಿಸುವುದಿಲ್ಲ, ಆ ಸುತ್ತೋಲೆಯೂ ಹಾಗೇ ಫೈಲಿಗೆ ಹೋಯಿತು.

ನಾನು ಕೇಳುವುದು ಪಾಲಿಸಬಹುದಾದ್ದನ್ನು. ಜ್ವರ ಇದ್ದರೆ, ವಾಂತಿ ಇದ್ದರೆ, ಮಂಕಾಗಿ ಮಲಗಿದ್ದರೆ ಮನೆ. ಜ್ವರದ ಔಷಧಿ ಕೊಡದೇ 24 ಗಂಟೆ ಜ್ವರ ಬರಲಿಲ್ಲ, ಮಗು ತಿನ್ನುತ್ತಿದೆ, ಓಡಾಡುತ್ತಿದೆ ಅಂದರೆ ಶಾಲೆ. ಸ್ವಲ್ಪ ಮೂಗು ಸೋರುತ್ತಿದ್ದರೂ, ಆಗಾಗ ಕೆಮ್ಮುತ್ತಿದ್ದರೂ ಪರವಾಗಿಲ್ಲ, ಕರ್ಚೀಫ್ ಇಟ್ಟು, ಮಾಸ್ಕ್ ಹಾಕಿಕೊಳ್ಳುವ ವಯಸ್ಸಿನವರಿಗೆ ಒಂದು ಮಾಸ್ಕ್ ಹಾಕಿಸಿ ಕಳಿಸಿ. ಬೇರೆಯವರಿಗೆ ಜಾಸ್ತಿ ಹರಡುವುದು ಮೊದಲ ಎರಡು ಮೂರು ದಿನ, ಆ ದಿನಗಳು ಮನೆಯಲ್ಲಿ ಕಳೆದರೆ ಸಾಕಷ್ಟು ಲಾಭ ಇದೆ. ಮೂರು ದಿನದವರೆಗೆ ತಂದೆ ತಾಯಿ ಅಥವಾ ಅಜ್ಜಿ ಬರೆದ ರಜೆ ಚೀಟಿ, ಓದು ಬರದವರ ಫೋನ್ ಕರೆ, ಅಷ್ಟೇ ಸಾಕು ಅಂತ ಸುತ್ತೋಲೆಯಲ್ಲಿ ಬರೆಯಿರಿ. ಅದಕ್ಕಿಂತ ಜಾಸ್ತಿ ದಿನ ಆದರೆ ಹೇಗೂ ಡಾಕ್ಟರಿಗೆ ತೋರಿಸಬೇಕು, ಆಗ ಚೀಟಿ ಕೇಳಿ.

ಹಾಜರಾತಿ ಕಡಿಮೆಯಾಗುತ್ತದೆ ಅನ್ನುವ ಭಯಕ್ಕೆ ಒಂದು ಸಣ್ಣ ಲೆಕ್ಕ ಕೊಡುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 8ನೇ ತರಗತಿಗೆ ವರ್ಷಕ್ಕೆ ಕನಿಷ್ಠ 220 ದಿನ ಶಾಲೆ. ಮಗುವಿಗೆ ಆರು ಸಲ ನೆಗಡಿ ಬಂದು, ಪ್ರತಿ ಸಲ ಎರಡು ದಿನ ರಜೆ ಹಾಕಿದರೂ 12 ದಿನ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಬೇಕಾದ 75 ಶೇಕಡ ಹಾಜರಾತಿಯ ಲೆಕ್ಕ ಇಟ್ಟುಕೊಂಡರೂ 55 ದಿನ ಬಿಡಲು ಜಾಗ ಇದೆ. ಎಲ್ಲಿಯ 12, ಎಲ್ಲಿಯ 55? ಅದರಲ್ಲೂ ಎಲ್ಲ ನೆಗಡಿಗೂ ಜ್ವರ ಬರುವುದಿಲ್ಲ. ರಜೆಯ ದಿನ ಎಫ್ಎ ಪರೀಕ್ಷೆ (ವರ್ಷದ ನಡುವೆ ನಡೆಯುವ ಸಣ್ಣ ಪರೀಕ್ಷೆ) ಬಂದರೆ ಮರುಪರೀಕ್ಷೆ ಕೊಡಿ ಅಂತಲೂ ಸೇರಿಸಿ, ಯಾಕಂದ್ರೆ ಪರೀಕ್ಷೆ ದಿನಗಳಲ್ಲೇ ಜ್ವರದ ಮಕ್ಕಳು ಶಾಲೆಯಲ್ಲಿ ಜಾಸ್ತಿ ಸಿಗುತ್ತಾರೆ.

ಮೆಡಲ್ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕಾಯಿಲೆ ಬೀಳದೇ ಇರುವುದು ಮಗುವಿನ ಶ್ರಮವಲ್ಲ, ಅದೃಷ್ಟ. ಆಸ್ತಮಾ ಇರುವ ಮಗು, ಸೋರುವ ಕಿವಿಯ ಮಗು ಏನು ಮಾಡಿದರೂ ಆ ಮೆಡಲ್ ಗೆಲ್ಲಲು ಆಗುವುದಿಲ್ಲ. ಗೆಲ್ಲಲು ಹೊರಟ ಮಗು ಜ್ವರವನ್ನು ಮುಚ್ಚಿಡುತ್ತದೆ.

ಇದೆಲ್ಲಕ್ಕಿಂತ ಕಷ್ಟದ ಪ್ರಶ್ನೆ ಒಂದಿದೆ. ಮಗು ಮನೆಯಲ್ಲಿದ್ದರೆ ನೋಡಿಕೊಳ್ಳುವವರು ಯಾರು? ಹೂವಿನ ತೋಟಕ್ಕೆ, ದ್ರಾಕ್ಷಿ ತೋಟಕ್ಕೆ ಹೋಗುವ ತಾಯಿಗೆ ಒಂದು ದಿನ ಬಿಟ್ಟರೆ ಒಂದು ದಿನದ ಕೂಲಿ ಹೋಯಿತು. ಗಾರ್ಮೆಂಟ್ಸ್‌ನವರ ಕಥೆಯೂ ಅದೇ. ನಮ್ಮ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ರೀಲಿಂಗ್ ಮನೆಗಳಲ್ಲಿ ತಾಯಿ ಮನೆಯಲ್ಲೇ ಇರುತ್ತಾಳೆ, ಆದರೆ ಗೂಡು ಬೇಯಿಸುವ ಒಲೆಯ ಹೊಗೆ, ಆವಿ, ಆ ವಾಸನೆಯ ಪಕ್ಕದಲ್ಲೇ ಚಾಪೆ ಹಾಕಿ ಕೆಮ್ಮುವ ಮಗುವನ್ನು ಮಲಗಿಸಬೇಕು. ಹೊಗೆ ಮಕ್ಕಳ ಎದೆಯ ಸೋಂಕನ್ನು ಇನ್ನೂ ಹೆಚ್ಚು ಮಾಡುತ್ತದೆ ಅಂತ ಗೊತ್ತಿದ್ದರೂ ಬೇರೆ ಕೋಣೆ ಎಲ್ಲಿದೆ? ಎಷ್ಟೋ ಮಕ್ಕಳಿಗೆ ಶಾಲೆಗೆ ಹೋದರೆ ಬಿಸಿಯೂಟ, ಹಾಲು, ಮೊಟ್ಟೆ ಸಿಗುತ್ತದೆ, ಮನೆಯಲ್ಲಿ ಮಧ್ಯಾಹ್ನ ಏನೂ ಇರುವುದಿಲ್ಲ. ಇವರನ್ನೆಲ್ಲ "ಜವಾಬ್ದಾರಿ ಇಲ್ಲದ ಪೋಷಕರು" ಅಂತ ಬೈಯುವುದು ಅನ್ಯಾಯ.

ಅದಕ್ಕೆ ಎರಡು ಬೇಡಿಕೆ. ಕಾಯಿಲೆ ಬಿದ್ದು ಮಲಗಿದ ಮಗುವಿನ ಪಾಲಿನ ಮೊಟ್ಟೆ ಅಥವಾ ಬಾಳೆಹಣ್ಣನ್ನು ಅದೇ ಶಾಲೆಯಲ್ಲಿ ಓದುವ ಅಣ್ಣನೋ ಅಕ್ಕನೋ ಮನೆಗೆ ತೆಗೆದುಕೊಂಡು ಹೋಗಲು ಬಿಡಿ. ಕೋವಿಡ್ ಕಾಲದಲ್ಲಿ ಬಿಸಿಯೂಟದ ಅಕ್ಕಿ ಬೇಳೆ ಮನೆಗೆ ಕೊಟ್ಟಿದ್ದೀರಿ, ಇದೇನು ದೊಡ್ಡದಲ್ಲ. ಎರಡನೆಯದು, ಬೇರೆ ದಾರಿ ಇಲ್ಲದೆ ಬಂದ ಜ್ವರದ ಮಗುವನ್ನು ಗೇಟಿನಿಂದ ವಾಪಸ್ ಕಳಿಸಬೇಡಿ. ಗಾಳಿಯಾಡುವ ಜಗುಲಿಯಲ್ಲಿ ಒಂದು ಚಾಪೆ, ಕುಡಿಯಲು ಬಿಸಿನೀರು, ಅಳತೆ ನೋಡಿಕೊಳ್ಳಲು ಒಂದು ಥರ್ಮಾಮೀಟರ್, ಇಷ್ಟಿದ್ದರೆ ಸಾಕು.

ಗಾಳಿ ಅಂದಾಗ ನೆನಪಾಯಿತು, ಡಿಸೆಂಬರ್ ಬಂದರೆ ನಂದಿ ಬೆಟ್ಟದ ಕಡೆಯಿಂದ ಇಳಿಯುವ ಮಂಜಿಗೆ ನಮ್ಮ ಶಾಲೆಗಳ ಕಿಟಕಿಗಳೆಲ್ಲ ಮುಚ್ಚುತ್ತವೆ. ಚಳಿಗೆ ನೆಗಡಿ ಬರುತ್ತದೆ ಅನ್ನುವ ನಂಬಿಕೆ ಬಲವಾಗಿದೆ. ವೈರಸ್ ಇಲ್ಲದೆ ಬರೀ ಚಳಿಗೆ ನೆಗಡಿ ಬರುವುದಿಲ್ಲ, ಮುಚ್ಚಿದ ಕೋಣೆಯಲ್ಲಿ ಐವತ್ತು ಮಕ್ಕಳು ಒಬ್ಬರ ಉಸಿರು ಒಬ್ಬರು ಎಳೆದುಕೊಂಡು ಕೂರುವುದರಿಂದ ಹರಡುತ್ತದೆ. ಸ್ವೆಟರ್ ಹಾಕಿಸಿ, ಯಾವ ಬಣ್ಣದ್ದಾದರೂ ಸರಿ, ಕಿಟಕಿ ತೆರೆದಿಡಿ. ಎದುರುಬದುರು ಗೋಡೆಯ ಒಂದೊಂದು ಕಿಟಕಿ ತೆರೆದರೂ ಗಾಳಿ ಓಡಾಡುತ್ತದೆ. ಅಂಗಡಿ ಮಳಿಗೆಯ ಮೇಲಿನ ಮಹಡಿಯಲ್ಲಿ, ಮನೆಯನ್ನೇ ಶಾಲೆ ಮಾಡಿಕೊಂಡ ಕಡೆ ಒಂದೇ ಕಡೆ ಕಿಟಕಿ ಇರುವ ಕೋಣೆಗಳಿವೆ, ಮಾನ್ಯತೆ ನವೀಕರಣಕ್ಕೆ ಹೋದಾಗ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಅವರು ಅದನ್ನೂ ನೋಡಲಿ. ಎಂಟು ಜನರ ವ್ಯಾನಿನಲ್ಲಿ ಹದಿನೈದು ಮಕ್ಕಳು ಗ್ಲಾಸ್ ಏರಿಸಿಕೊಂಡು ಬರುವುದನ್ನೂ ನೋಡಲಿ.

ಕೈ ತೊಳೆಯುವುದು ಹಳೆಯ ಮಾತು, ಆದರೂ ಕೆಲಸದ ಮಾತು. ಸೋಪು ಹಾಕಿ ಕೈ ತೊಳೆಯುವ ಅಭ್ಯಾಸ ಆದರೆ ನೆಗಡಿಯಂಥ ಉಸಿರಾಟದ ಕಾಯಿಲೆಗಳು 16ರಿಂದ 21 ಶೇಕಡ ಕಡಿಮೆಯಾಗುತ್ತವೆ ಅಂತ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ನಮ್ಮಲ್ಲಿ ಸಾವಿರ ಅಡಿ ಕೊರೆದರೂ ನೀರು ಸಿಗದ ಊರುಗಳಿವೆ, ನಲ್ಲಿ ಇದ್ದರೂ ನೀರು ಬರದ ಶಾಲೆಗಳಿವೆ, ನೀರಿದ್ದ ಕಡೆ ಸೋಪು ಇರುವುದಿಲ್ಲ. ಸೋಪು ಇಟ್ಟರೆ ಮಾಯವಾಗುತ್ತದೆ ಅಂತ ಹೆಡ್ ಮೇಷ್ಟ್ರು ಹೇಳುತ್ತಾರೆ. ಹಳೇ ಸಾಕ್ಸಿನೊಳಗೆ ಸೋಪು ಹಾಕಿ ನಲ್ಲಿಗೆ ಕಟ್ಟಿ, ಸಾಕ್ಸಿನ ಮೇಲೇ ಕೈ ಉಜ್ಜಿದರೆ ನೊರೆ ಬರುತ್ತದೆ, ಯಾರೂ ತೆಗೆದುಕೊಂಡೂ ಹೋಗುವುದಿಲ್ಲ. ನೀರು ಕಡಿಮೆ ಇರುವ ಕಡೆ ಮುಚ್ಚಳಕ್ಕೆ ತೂತು ಮಾಡಿದ ಪ್ಲಾಸ್ಟಿಕ್ ಬಾಟಲಿಯಿಂದ ಒಂದು ಕ್ಲಾಸಿಗೇ ಕೈ ತೊಳೆಸಬಹುದು. ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಮನಸ್ಸು ಮಾಡಿದರೆ ಇದಕ್ಕೆ ಅನುದಾನ ಕಾಯಬೇಕಾಗಿಲ್ಲ.

ಈ ಪತ್ರವನ್ನು ತಾಯಂದಿರೂ ಓದುತ್ತಾರೆ ಅಂತ ಅವರಿಗೂ ನಾಲ್ಕು ಮಾತು. ಪ್ಯಾರಾಸಿಟಮಾಲ್ ಅನ್ನು ವಯಸ್ಸು ನೋಡಿ ಅಂದಾಜಿಗೆ ಕೊಡಬೇಡಿ, ತೂಕದ ಲೆಕ್ಕ, ಒಂದು ಸಲಕ್ಕೆ ಕೆಜಿಗೆ 10ರಿಂದ 15 ಮಿಲಿಗ್ರಾಂ. 20 ಕೆಜಿ ಮಗುವಿಗೆ 200ರಿಂದ 300. ಸಿರಪ್ ಬಾಟಲಿಗಳಲ್ಲಿ 5 ಎಂಎಲ್‌ಗೆ 125 ಇರುವುದೂ ಉಂಟು, 250 ಇರುವುದೂ ಉಂಟು, ಡಬ್ಬದ ಮೇಲೆ ಓದಿ, ಗೊತ್ತಾಗದಿದ್ದರೆ ಆಶಾ ಹತ್ತಿರ ಕೇಳಿ. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ. ಒಂದು ವರ್ಷ ದಾಟಿದ ಮಕ್ಕಳಿಗೆ ರಾತ್ರಿ ಮಲಗುವಾಗ ಅರ್ಧ ಚಮಚ ಜೇನುತುಪ್ಪ ಕೆಮ್ಮಿಗೆ ಹಿತ, ಅದಕ್ಕಿಂತ ಚಿಕ್ಕ ಕೂಸಿಗೆ ಜೇನು ಕೊಡಲೇಬಾರದು. ಮೆಣಸಿನ ಸಾರು, ದೊಡ್ಡಪತ್ರೆ ಕಷಾಯ, ಬಿಸಿ ರಾಗಿ ಗಂಜಿ ಕೊಡಿ, ಗಂಟಲಿಗೆ ಹಾಯಾಗುತ್ತದೆ, ಮೈಗೆ ನೀರು ಸೇರುತ್ತದೆ. ಬಾಳೆಹಣ್ಣು, ಮೊಸರು ನಿಲ್ಲಿಸಬೇಕಾಗಿಲ್ಲ. ಕುದಿಯುವ ನೀರಿನ ಪಾತ್ರೆ ಮುಂದಿಟ್ಟು ಕಂಬಳಿ ಹೊದಿಸಿ ಆವಿ ಹಿಡಿಸಬೇಡಿ, ಪಾತ್ರೆ ಮಗುಚಿ ತೊಡೆ ಬೆಂದ ಮಕ್ಕಳನ್ನು ಆಸ್ಪತ್ರೆಗೆ ಕಳಿಸಿದ ಕೈ ನನ್ನದು.

ಜಿಲ್ಲಾಧಿಕಾರಿಗಳೇ, ಶಿಕ್ಷಣ ಇಲಾಖೆಯ ಉಪನಿರ್ದೇಶಕರು (ಡಿಡಿಪಿಐ) ಮತ್ತು ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಇಬ್ಬರ ಸಹಿಯೂ ಇರುವ ಒಂದು ಸುತ್ತೋಲೆ ಸಾಕು. ಮೂರು ದಿನದವರೆಗೆ ಸರ್ಟಿಫಿಕೇಟ್ ಬೇಡ, ಜ್ವರ ಬಿಟ್ಟು 24 ಗಂಟೆ ಆಗಿರಬೇಕು, ಹಾಜರಾತಿ ಮೆಡಲ್ ಇಲ್ಲ, ಎಫ್ಎಗೆ ಮರುಪರೀಕ್ಷೆ, ಒಂದೇ ಹಾಳೆಯಲ್ಲಿ ಬರೆಯಬಹುದು. ಖಾಸಗಿ ಶಾಲೆಗಳಿಗೆ ಬಿಇಒ ಮೂಲಕ ಕಳಿಸಿ ಓದಿದ್ದಕ್ಕೆ ಸಹಿ ಪಡೆಯಿರಿ. ಬಾಗೇಪಲ್ಲಿ, ಗೌರಿಬಿದನೂರು, ಚಿಂತಾಮಣಿ, ಗುಡಿಬಂಡೆಯ ಶಾಲೆಗಳಲ್ಲಿ ಕನ್ನಡದ ಜೊತೆ ತೆಲುಗಿನಲ್ಲೂ, ಉರ್ದು ಶಾಲೆಗಳಲ್ಲಿ ಉರ್ದುವಿನಲ್ಲೂ ಗೋಡೆಗೆ ಅಂಟಿಸಿ. ಡಿಸೆಂಬರಿನ ಚಳಿ ಶುರುವಾಗುವ ಮೊದಲೇ ಹೊರಟರೆ ಈ ವರ್ಷದ ಮಕ್ಕಳಿಗೇ ಉಪಯೋಗ ಆಗುತ್ತದೆ. ಟೀಚರ್‌ಗಳಿಗೆ ಅರ್ಧ ದಿನದ ತರಬೇತಿ ಇಡುವುದಾದರೆ ನನ್ನ ತಾಲ್ಲೂಕಿನಲ್ಲಿ ನಾನೇ ಬಂದು ಹೇಳಿಕೊಡುತ್ತೇನೆ, ಸಂಭಾವನೆ ಏನೂ ಬೇಡ, ಒಬ್ಬ ಪಿಎಚ್‌ಸಿ ಡಾಕ್ಟರ್ ಜೊತೆಗಿದ್ದರೆ ಸಾಕು.

ಇಂತಿ ನಮಸ್ಕಾರಗಳೊಂದಿಗೆ,
ಶಿಡ್ಲಘಟ್ಟ ತಾಲ್ಲೂಕಿನ ಒಬ್ಬ ನಿವೃತ್ತ ಆರೋಗ್ಯ ಸಹಾಯಕಿ